ಕಂಪ್ಯೂಟರಿನ ಜೀರ್ಣೋದ್ಧಾರ

ಮೊದಲೇ ಒಂದು ವಿಷಯ ಸ್ಪಷ್ಟಪಡಿಸಿಬಿಡುತ್ತೇನೆ. ನಿಧಾನದ ಮೇಲೆ ನನಗೆ ಯಾವ ಹಗೆಯೂ ಇಲ್ಲ. ನಿಧಾನವೇ ನನಗೆ ಅನ್ನ ಹಾಕುತ್ತಿರುವುದು. ನಾನು ದಾಖಲೆ ವಿಭಾಗದ ಮೇಲ್ವಿಚಾರಕ. ನಮ್ಮಲ್ಲಿ ಒಂದು ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಿ ತಲುಪುವಷ್ಟರಲ್ಲಿ ಆ ಮೇಜಿನವರು ನಿವೃತ್ತರಾಗಿ, ಅವರ ಜಾಗಕ್ಕೆ ಬಂದವರ ಮಗುವಿಗೆ ಹಲ್ಲು ಬಂದಿರುತ್ತದೆ. ಇಂಥ ವಾತಾವರಣದಲ್ಲಿ ಪಳಗಿದ ನಾನೇ ಒಂದು ವಸ್ತುವನ್ನು ನಿಧಾನ ಎಂದು ದೂರುತ್ತಿದ್ದೇನೆಂದರೆ ಅದು ಎಷ್ಟು ನಿಧಾನ ಇದ್ದಿರಬೇಕು, ನೀವೇ ಯೋಚಿಸಿ.

ಆ ವಸ್ತು ನಮ್ಮ ಮನೆಯ ಕಂಪ್ಯೂಟರು. ಅದರ ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ, ಸ್ನಾನ ಮುಗಿಸಿ, ತಲೆ ಒರೆಸಿಕೊಂಡು, ಕನ್ನಡಿಯ ಮುಂದೆ ನಿಂತು ಅಳಿದುಳಿದ ಕೂದಲನ್ನು ಎಡಕ್ಕೂ ಬಲಕ್ಕೂ ಅನ್ಯಾಯವಾಗದಂತೆ ಹಂಚಿ ಬಂದರೆ ಆಗ ಅದು 'ಸ್ವಾಗತ' ಎನ್ನುತ್ತದೆ. ಸ್ವಾಗತ ಎಂದವರು ಒಳಗೆ ಕರೆಯಬೇಕು ತಾನೇ? ಅದಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ಒಂದು ಉಂಗುರವನ್ನು ಗಿರಗಿರ ತಿರುಗಿಸುತ್ತಾ ಕೂರುತ್ತದೆ. ಕಂಪ್ಯೂಟರಿನ ಪೆಟ್ಟಿಗೆಗೆ ನನ್ನ ಹೆಂಡತಿ ಹಳೆಯ ಕರ್ಟನ್ ಬಟ್ಟೆಯಲ್ಲಿ ಹೂವಿನ ಅಂಗಿಯನ್ನೂ ಹೊಲಿದು ಹಾಕಿದ್ದಳು. (ಅಂಗಿಗೆ ಕೆಳಗಡೆ ನೆರಿಗೆ ಬೇರೆ. ನನ್ನ ಅಂಗಿಯ ಬಿದ್ದುಹೋದ ಗುಂಡಿ ಹೊಲಿಯಲು ಮಾತ್ರ ಅವಳಿಗೆ ಪುರುಸೊತ್ತಾಗಿರಲಿಲ್ಲ.)

ಇಷ್ಟಾದರೂ ವರ್ಷಗಟ್ಟಲೆ ನಾನು ತುಟಿ ಬಿಚ್ಚಲಿಲ್ಲ. ಹೆಂಡತಿ ಮನೆಯಲ್ಲಿದ್ದಾಗ ಕಂಪ್ಯೂಟರು ನಿಧಾನವಾದರೆ ಯಾರಿಗೇನು? ಅವಳೇ ಸಾಕಷ್ಟು ವೇಗವಾಗಿದ್ದಳು.

ಅವಳು ಮನೆಯಲ್ಲಿಲ್ಲದಾಗ ಬಂತು ನೋಡಿ ಸಂಕಟ.

ನಡೆದದ್ದು ಇಷ್ಟು. ನನ್ನ ಹೆಂಡತಿಯ ಅಕ್ಕ, ಎಂದರೆ ನನ್ನ ಅತ್ತಿಗೆ, ಬೇರೆ ಊರಿನಲ್ಲಿದ್ದಾರೆ. ಗೋಡೆ ಗಡಿಯಾರಕ್ಕೆ ಬ್ಯಾಟರಿ ಹಾಕಲು ಸ್ಟೂಲು ಹತ್ತಿ, ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವರ ಯಜಮಾನರು, ಎಂದರೆ ನನ್ನ ಷಡ್ಡಕ, ಆಗ ಕೆಳಗೇ ನಿಂತಿದ್ದರಂತೆ. "ಬಹಳ ಚೆನ್ನಾಗಿ ಹತ್ತಿದ್ದೀಯ" ಎಂದು ಹೊಗಳುತ್ತಿದ್ದರಂತೆ. ಈ ಮನುಷ್ಯ ಭೂಮಿಯ ಮೇಲೆ ಕಂಡದ್ದನ್ನೆಲ್ಲ ಬಹಳ ಚೆನ್ನಾಗಿದೆ ಎನ್ನುತ್ತಾರೆ. ಬೇರೆ ಅಭಿಪ್ರಾಯ ಅವರ ಬಾಯಲ್ಲಿ ಹುಟ್ಟಿದ್ದನ್ನು ಯಾರೂ ಕಂಡಿಲ್ಲ. ಅವರ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೇಲೆ ಹೋದ ಅತ್ತಿಗೆ ಅಲ್ಲೇ ಸ್ಥಾಪಿತರಾದರು. ಅಕ್ಕನ ಆರೈಕೆಗೆಂದು ನನ್ನ ಹೆಂಡತಿ ಹೊರಟಳು.

"ಹತ್ತು ದಿನ ಅಷ್ಟೇ ಕಣ್ರೀ. ಇರ್ತೀರ ತಾನೇ?"

"ಇರದೆ ಏನು? ನಾನೇನು ಮಗುವಾ?" ಎಂದೆ, ಚೀಲವನ್ನು ಬಸ್ಸಿಗೆ ಏರಿಸುತ್ತಾ. "ಒಂದು ವಿಭಾಗವನ್ನೇ ನಡೆಸೋನು ಒಂದು ಮನೆ ನಡೆಸಲ್ವಾ? ಆರಾಮಾಗಿ ಹೋಗಿ ಬಾ."

ಈ 'ಆರಾಮಾಗಿ' ಎಂಬ ಪದವನ್ನು ಅವಳು ಮನಸ್ಸಿಗೆ ತೆಗೆದುಕೊಂಡಳು. ಹತ್ತು ದಿನ ಹೋಗಿ ತಿಂಗಳಾಯಿತು, ತಿಂಗಳು ದಾಟಿತು. ವಿಭಾಗದಲ್ಲಿ ಹಾಲು ಉಕ್ಕುವುದಿಲ್ಲ, ಬ್ರೆಡ್ಡು ಸೀಯುವುದಿಲ್ಲ, ಕಾಲುಚೀಲದ ಜೋಡಿಗಳು ಒಂದನ್ನೊಂದು ಬಿಟ್ಟು ಓಡಿಹೋಗುವುದಿಲ್ಲ ಎಂಬುದು ಆ ಅವಧಿಯಲ್ಲಿ ನನಗೆ ಮನವರಿಕೆಯಾಯಿತು. ಇನ್ನೂ ಒಂದು ವಿಷಯ ತಿಳಿಯಿತು. ಸಾಯಂಕಾಲ ಬೀಗ ತೆಗೆದು ಒಳಗೆ ಬಂದಾಗ 'ಚಪ್ಪಲಿ ಅಲ್ಲೇ ಬಿಡಿ' ಎಂದು ಯಾರೂ ಗದರದಿದ್ದರೆ ಮನುಷ್ಯ ಚಪ್ಪಲಿ ಹಾಕಿಕೊಂಡೇ ಒಳಗೆಲ್ಲ ಓಡಾಡಬಹುದು. ಓಡಾಡಿದೆ. ಒಂದು ಸುತ್ತು ಬಂದು, ತಿರುಗಿ ಹೋಗಿ ಬಾಗಿಲಲ್ಲೇ ಬಿಟ್ಟುಬಂದೆ. ಏನೂ ಮಜವಿಲ್ಲ.

ಹೀಗಾಗಿ ದಿನಾ ಸಾಯಂಕಾಲ ಅವಳನ್ನು ನೋಡಲು ನನಗೆ ಉಳಿದಿದ್ದ ಒಂದೇ ಕಿಟಕಿ ಆ ಕಂಪ್ಯೂಟರು. (ನನ್ನ ಮೊಬೈಲು ಗುಂಡಿ ಒತ್ತುವ ಕಾಲದ್ದು. ಅದರಲ್ಲಿ ಮಾತು ಬರುತ್ತದೆ, ಮುಖ ಬರುವುದಿಲ್ಲ. ಅದನ್ನು ಬದಲಾಯಿಸದಿರುವುದೇ ನನ್ನ ತತ್ವನಿಷ್ಠೆ ಎಂದು ಕಚೇರಿಯಲ್ಲಿ ಹೇಳಿಕೊಂಡು ತಿರುಗಿದ್ದೆ. ತತ್ವನಿಷ್ಠೆಗೆ ತಕ್ಕ ಶಾಸ್ತಿಯಾಯಿತು.) ಕಂಪ್ಯೂಟರಿಗೆ ಸಿಕ್ಕಿಸಿದ ಕ್ಯಾಮೆರಾದ ಕ್ಲಿಪ್ಪು ಸಡಿಲ. ಅದು ಸದಾ ಮೇಲೆ ನೋಡುತ್ತಿರುತ್ತದೆ. ಹಾಗಾಗಿ ಆ ಕಡೆಯವರಿಗೆ ನನ್ನ ಮುಖ, ಮುಖದ ಮೇಲೆ ಕಿರೀಟದಂತೆ ನಮ್ಮ ಸೀಲಿಂಗ್ ಫ್ಯಾನು, ಎರಡೂ ಕಾಣುತ್ತವೆ.

ಕಾಣುತ್ತವೆ ಎಂದೆನೇ? ತಪ್ಪಾಯಿತು. ಕಾಣಬೇಕು. ನಮ್ಮ ಯಂತ್ರದ ಕೃಪೆಯಿಂದ ಅವಳಿಗೆ ನಾನು ಚೌಕ ಚೌಕವಾಗಿ, ನನಗೆ ಅವಳು ತುಂಡು ತುಂಡಾಗಿ ಕಾಣುತ್ತಿದ್ದೆವು. ಮಾತು ಇನ್ನೂ ಚೆಂದ. ನಾನು ಕೇಳಿದ್ದು ಅವಳಿಗೆ ಯಾವಾಗಲೋ ಮುಟ್ಟಿ, ಅವಳ ಉತ್ತರ ನನಗೆ ಯಾವಾಗಲೋ ಬಂದು, ನಡುವೆ ಕಾಯಲಾರದೆ ನಾನು ಇನ್ನೊಂದು ಪ್ರಶ್ನೆ ಕೇಳಿಬಿಟ್ಟಿರುತ್ತಿದ್ದೆ.

"ಅತ್ತಿಗೆ ಹೇಗಿದ್ದಾರೆ?"

ಉಂಗುರ ಗಿರಗಿರ.

"ಅಲ್ಲ ಕಣೇ, ಉಪ್ಪಿನ ಡಬ್ಬಿ ಎಲ್ಲಿಟ್ಟಿದ್ದೀಯ?"

"ದಿಂಬಿನ ಮೇಲೆ ಎತ್ತಿಟ್ಟಿದ್ದೀನಿ. ಊದಿಕೊಂಡಿದೆ ಸ್ವಲ್ಪ."

"ದಿಂಬಿನ ಮೇಲಾ! ಎಷ್ಟು ಹಾಕ್ಬೇಕು?"

"ಒಲೆ ಪಕ್ಕ, ಎರಡನೇ ಗೂಡಲ್ಲಿ."

"ನಾನು ಯಾಕೋ ಸೊರಗಿದ್ದೀನಿ ಅನ್ಸುತ್ತೆ ಕಣೇ."

"ಒಂದು ಚಿಟಿಕೆ ಸಾಕು. ಜಾಸ್ತಿಯಾದ್ರೆ ಚೆಲ್ಲಬೇಕಾಗುತ್ತೆ."

ಸೊರಗಿದ್ದೇನೆ ಎಂದು ನಾನು ಜೀವ ಕೈಯಲ್ಲಿ ಹಿಡಿದುಕೊಂಡು ಆಡಿದ ಮಾತಿಗೆ ಸಿಕ್ಕ ಸಮಾಧಾನ ಇದು.

ಆದರೆ ಆ ಯಂತ್ರದ ಋಣವನ್ನೂ ಹೇಳಬೇಕು. ಕೆಲವು ದಿನ ಅವಳು ನಗುತ್ತಿರುವಾಗಲೇ ಚಿತ್ರ ನಿಂತುಬಿಡುತ್ತಿತ್ತು. ಕಣ್ಣು ಅರ್ಧ ಮುಚ್ಚಿ, ಕೈಯನ್ನು ಬಾಯಿಯ ಹತ್ತಿರ ತಂದಿರುವ ನಗು. ಅಂಥ ಹೊತ್ತಿನಲ್ಲಿ ನಾನು ಮೌಸನ್ನು ಮುಟ್ಟುತ್ತಿರಲಿಲ್ಲ. ಉಂಗುರ ತಿರುಗಲಿ ಎಂದು ಸುಮ್ಮನೆ ಕೂರುತ್ತಿದ್ದೆ. ಸಂಸಾರ ಹೂಡಿದಾಗಿನಿಂದ ಅವಳ ಮುಖವನ್ನು ಅಷ್ಟು ಹೊತ್ತು ಒಂದೇ ಸಮನೆ ನೋಡುವ ಧೈರ್ಯ ಮಾಡಿರಲಿಲ್ಲ. ಹಾಗೆ ನೋಡಿದರೆ 'ಏನು?' ಎಂದು ಕೇಳಿಬಿಡುತ್ತಾಳೆ. 'ಏನಿಲ್ಲ' ಎನ್ನಬೇಕಾಗುತ್ತದೆ.

ಒಂದು ಬುಧವಾರ ಯಂತ್ರ ನನ್ನ ತಾಳ್ಮೆಯ ಬುಡಕ್ಕೇ ಕೊಡಲಿ ಹಾಕಿತು. ಅದೂ ಇದೂ ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ದನಿ ತಗ್ಗಿಸಿ, ಪರದೆಯ ಹತ್ತಿರ ಮುಖ ತಂದು, "ರೀ, ಈ ಭಾನುವಾರ ನಾನು…" ಎಂದಳು.

ನಿಂತಿತು.

ಈ ಭಾನುವಾರ ನಾನು ಏನು? ಬರ್ತೀನಾ? ಬರಲ್ವಾ? ಈ ಭಾನುವಾರ ನಾನು ತಲೆಗೆ ಎಣ್ಣೆ ಹಚ್ಚಿಕೊಳ್ತೀನಾ? ಉಂಗುರ ತಿರುಗಿತು. ನಾನು ಪೆಟ್ಟಿಗೆಯ ತಲೆ ಸವರಿದೆ, ಬೆನ್ನು ತಟ್ಟಿದೆ, ಕೊನೆಗೆ ಬೈದೆ. ಚಿತ್ರಕ್ಕೆ ಮತ್ತೆ ಜೀವ ಬರುವಷ್ಟರಲ್ಲಿ ಅವಳು ಅಕ್ಕನ ಮಾತ್ರೆಯ ವಿಷಯಕ್ಕೆ ಹೋಗಿಬಿಟ್ಟಿದ್ದಳು.

'ಮೊದಲು ಏನೋ ಹೇಳ್ತಿದ್ದೆಯಲ್ಲ, ಅದೇನು?' ಎಂದು ಕೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳಿದರೆ ನಾನು ಅವಳ ಬರವಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿರುವುದು ಗೊತ್ತಾಗಿಬಿಡುವುದಿಲ್ಲವೇ? ಒಂದು ವಿಭಾಗದ ಮೇಲ್ವಿಚಾರಕ! "ಹೂಂ, ಮಾತ್ರೆ ತಪ್ಪಿಸಬೇಡಿ" ಎಂದೆ, ಗಂಭೀರವಾಗಿ.

ಮಾರನೆಯ ದಿನ ಬೆಳಿಗ್ಗೆ ಕಚೇರಿಯಲ್ಲಿ 'ಪರಿಹಾರ'ನನ್ನು ಹಿಡಿದೆ. ಪರಿಹಾರ ನಮ್ಮ ವಿಭಾಗದ ಗುಮಾಸ್ತ. ಯಾರು ಯಾವ ಕಷ್ಟ ಹೇಳಿಕೊಂಡರೂ "ಇದಕ್ಕೊಂದು ಪರಿಹಾರ ಇದೆ" ಎಂದೇ ಮಾತು ಶುರುಮಾಡುವುದರಿಂದ ಆ ಹೆಸರು. ಇದುವರೆಗೆ ಯಾವ ಕಷ್ಟವೂ ಪರಿಹಾರವಾದ ದಾಖಲೆ ಇಲ್ಲ. ದಾಖಲೆ ನಮ್ಮಲ್ಲೇ ಇರುವುದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

"ಸಾರ್, ಇದಕ್ಕೊಂದು ಪರಿಹಾರ ಇದೆ," ಎಂದ. "ನಿಮ್ಮ ಕಂಪ್ಯೂಟರಿಗೆ ವಯಸ್ಸಾಗಿಲ್ಲ, ಹೊಟ್ಟೆ ಕೆಟ್ಟಿದೆ. ಬೇಡದ್ದೆಲ್ಲ ತುಂಬಿಕೊಂಡಿದೆ. ಬಳಸದ ಪ್ರೋಗ್ರಾಂ ತೆಗೀರಿ, ಕಸದ ಬುಟ್ಟಿ ಖಾಲಿ ಮಾಡಿ, ಆನ್ ಆಗ್ತಿದ್ದಂಗೆ ತಾವಾಗೇ ಏಳೋವನ್ನೆಲ್ಲ ಮಲಗಿಸಿ, ಒಳಗಿನ ಧೂಳು ಹೊಡೀರಿ. ಕುದುರೆ ಥರ ಓಡುತ್ತೆ."

"ಇದನ್ನೆಲ್ಲ ನಾನೇ ಮಾಡಬಹುದಾ?"

"ಕಾಗದದ ಮೇಲೆ ಬರ್ಕೊಡ್ಲಾ ಸಾರ್?"

"ಬೇಡ. ನಾನು ಆಡಳಿತಗಾರ. ತತ್ವ ಹೇಳಿದರೆ ಸಾಕು."

ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. (ಕಾರಣ: ಗೃಹಕೃತ್ಯದ ತುರ್ತು. ಮೇಲಧಿಕಾರಿಗಳು ನನ್ನನ್ನು ಮರುಕದಿಂದ ನೋಡಿದರು.) ಅಂಗಿಯ ತೋಳು ಮಡಚಿ ಜೀರ್ಣೋದ್ಧಾರಕ್ಕೆ ಕೂತೆ.

ಮೊದಲು ಒಳಗೆ ಯಾರು ಯಾರು ಬೀಡುಬಿಟ್ಟಿದ್ದಾರೆಂದು ನೋಡಿದೆ. ಎಂದೋ ಸತ್ತು ಗುಜರಿ ಸೇರಿದ ಪ್ರಿಂಟರಿನ ಪ್ರೋಗ್ರಾಮು ಇನ್ನೂ ದಿನಾ ಬೆಳಿಗ್ಗೆ ಎದ್ದು ಯಜಮಾನನನ್ನು ಹುಡುಕುತ್ತಿತ್ತು. ನಾನು ಇಂಗ್ಲಿಷ್ ಟೈಪಿಂಗ್ ಕಲಿಯುತ್ತೇನೆಂದು ಯಾವುದೋ ಹುಮ್ಮಸ್ಸಿನಲ್ಲಿ ತುಂಬಿಸಿದ ಪಾಠಮಾಲೆ ಒಂದನೇ ಪಾಠದಲ್ಲೇ ನನಗಾಗಿ ಕಾದಿತ್ತು. ವೈರಸ್ ಬರದಂತೆ ಕಾಯಲು ಮೂವರು ಕಾವಲುಗಾರರು. ಬೇರೆ ಬೇರೆ ಕಾಲದಲ್ಲಿ ಹೆದರಿಕೊಂಡು ಹಾಕಿಸಿದ್ದು. ಒಂದೇ ಅಡುಗೆಮನೆಯ ಮೂವರು ವಾರಗಿತ್ತಿಯರಂತೆ ಅವು ವೈರಸ್ಸನ್ನು ಬಿಟ್ಟು ಒಂದರ ಮೇಲೊಂದು ಕಣ್ಣಿಟ್ಟು ಕೂತಿದ್ದವು. ಸಾಲದ್ದಕ್ಕೆ ಪ್ರತಿ ಶನಿವಾರ ಸಾಯಂಕಾಲ ಮೂರೂ ಒಟ್ಟಿಗೆ ಸೆರಗು ಕಟ್ಟಿ ಇಡೀ ಮನೆ ಶೋಧಿಸುವ ಏರ್ಪಾಡು. ಎರಡನ್ನು ಮನೆಯಿಂದಾಚೆ ಹಾಕಿದೆ. ಉಳಿದದ್ದು ತನ್ನ ಪಾಡಿಗೆ ತಾನು ತೆಪ್ಪಗಾಯಿತು.

ಕಸದ ಬುಟ್ಟಿಯ ಹತ್ತಿರ ಬಂದಾಗ ಮಾತ್ರ ಮೌಸು ಬಿಟ್ಟು ಕನ್ನಡಕ ಒರೆಸಿಕೊಂಡೆ. ವೃತ್ತಿಜೀವನದಲ್ಲಿ ಒಂದು ಕಾಗದವನ್ನೂ ನಾಶ ಮಾಡದವನು ನಾನು. ಖಾಲಿ ಮಾಡು ಎಂದೆ. 'ಖಚಿತವಾಗಿ ಮಾಡಬೇಕೇ?' ಎಂದು ಅದು ಕೇಳಿತು. ನನ್ನ ಅಭಿಪ್ರಾಯವನ್ನು ಈ ಮನೆಯಲ್ಲಿ ಅಷ್ಟು ವಿನಯದಿಂದ ಯಾರೂ ವಿಚಾರಿಸಿರಲಿಲ್ಲ. ಅಂಥ ವಿನಯಕ್ಕೆ ಇಲ್ಲ ಎನ್ನಲಾಗದೆ, ಹೌದು ಎಂದು ಒತ್ತಿದೆ.

ಕೊನೆಗೆ ಧೂಳು. ವೈರು ಕಿತ್ತು, ಹೂವಿನ ಅಂಗಿ ಬಿಚ್ಚಿ, ಪೆಟ್ಟಿಗೆಯ ಪಕ್ಕದ ತಗಡು ತೆಗೆದೆ. ಒಳಗೆ ಧೂಳೆಂದರೆ ಧೂಳು, ಕಂಬಳಿ ನೇಯಬಹುದಿತ್ತು. ಪಾಪ, ನೆರಿಗೆಯ ಅಂಗಿ ತೊಟ್ಟು ಬೆವರುತ್ತಾ ಉಸಿರು ಕಟ್ಟಿಕೊಂಡಿತ್ತು ಅದು. ಬಣ್ಣ ಬಳಿಯುವ ಹಳೆಯ ಬ್ರಷ್ಷಿನಿಂದ ಮೆಲ್ಲಗೆ ಉಜ್ಜುತ್ತಾ ಹೋದೆ. ಒಳಗಿನ ಪುಟ್ಟ ಫ್ಯಾನಿಗೆ ಏನೋ ಸುತ್ತಿಕೊಂಡಿತ್ತು. ಬಿಡಿಸಿದೆ. ಬಿಡಿಸಿದಷ್ಟೂ ಬಂತು. ಉದ್ದನೆಯ ಒಂದು ಕೂದಲು. ಬುಡದ ಕಡೆ ಸ್ವಲ್ಪ ಬಿಳಿ.

ಊಟದ ತಟ್ಟೆಯಲ್ಲಿ ಇದೇ ಕೂದಲು ಸಿಕ್ಕಿದ್ದರೆ ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದೆ. ಕೂಗಾಡಿದ್ದೇನೆ ಕೂಡ. ಈಗ ಅದನ್ನು ಬೆರಳಿಗೆ ಸುತ್ತಿಕೊಂಡು ನೆಲದ ಮೇಲೆ ಸುಮಾರು ಹೊತ್ತು ಕೂತಿದ್ದೆ. ಆಮೇಲೆ ಬಿಸಾಡಲೂ ಆಗದೆ, ಇಟ್ಟುಕೊಳ್ಳಲೂ ನಾಚಿಕೆಯಾಗಿ, ಕನ್ನಡಕದ ಡಬ್ಬಿಯೊಳಗೆ ಹಾಕಿದೆ. (ದಯವಿಟ್ಟು ಇದು ನಿಮ್ಮಲ್ಲೇ ಇರಲಿ.)

ಎಲ್ಲ ಜೋಡಿಸಿ ಗುಂಡಿ ಒತ್ತಿದೆ. ಅಭ್ಯಾಸಬಲದಿಂದ ಟವೆಲು ಹೆಗಲ ಮೇಲೆ ಹಾಕಿಕೊಂಡು ಸ್ನಾನಕ್ಕೆ ಹೊರಟವನು ಬಾಗಿಲು ಕೂಡ ದಾಟಿರಲಿಲ್ಲ, ಹಿಂದೆ ಟಿಣ್ ಎಂದಿತು. ತಿರುಗಿ ನೋಡುತ್ತೇನೆ, ಸ್ವಾಗತ ಬಂದು ಹೋಗಿ ಎಲ್ಲ ಸಿದ್ಧವಾಗಿ ಕೂತಿದೆ! ಉಂಗುರದ ಸುಳಿವೇ ಇಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳಬೇಕಾಯಿತು.

ಇನ್ನು ಮುಂದಿನದು ನನ್ನ ದಡ್ಡತನದ ಅಧ್ಯಾಯ. ಚಿತ್ರ ಸ್ಪಷ್ಟವಾಗಿ ಬರುತ್ತದೆ ಎಂದರೆ ನಾನೂ ಸ್ಪಷ್ಟವಾಗಿ ಹೋಗುತ್ತೇನೆ ತಾನೇ? ಗಡ್ಡ ಹೆರೆದೆ. ಮೀಸೆಗೆ ಕಪ್ಪು ಹಚ್ಚಿದೆ. ಇಸ್ತ್ರಿ ಅಂಗಿ ತೊಟ್ಟೆ. (ಕೆಳಗೆ ಹಳೆಯ ಪೈಜಾಮವೇ. ಕ್ಯಾಮೆರಾ ಅಷ್ಟು ಕೆಳಗಿಳಿಯುವುದಿಲ್ಲ.) ಕುರ್ಚಿಯ ಮೇಲಿನ ಬಟ್ಟೆರಾಶಿ, ಎಂಜಲು ಲೋಟ, ಸೀದ ಪಾತ್ರೆ, ಎಲ್ಲವನ್ನೂ ಕ್ಯಾಮೆರಾದ ಕಣ್ಣಿಗೆ ಬೀಳದ ಕಡೆಗೆ ಕಾಲಿನಿಂದ ತಳ್ಳಿದೆ. ಮದುವೆಗೆ ಮುಂಚೆ ಅವಳನ್ನು ಭೇಟಿಯಾಗಲು ಹೊರಟಾಗಲೂ ಇಷ್ಟು ಸಿಂಗರಿಸಿಕೊಂಡಿರಲಿಲ್ಲ.

ಕರೆ ಹೋಯಿತು. ಅವಳು ಬಂದಳು.

ಏನು ಹೇಳಲಿ! ಕಿಟಕಿಯ ಗಾಜು ತೊಳೆದ ಹಾಗೆ. ಕಿವಿಯ ಪಕ್ಕದ ಬಿಳಿ ಎಳೆಗಳು ಕಂಡವು. ಕನ್ನಡಕದ ಗಾಜಿನ ಮೇಲಿನ ಗೀರು ಕಂಡಿತು. ಮಧ್ಯಾಹ್ನ ಸ್ವಲ್ಪ ಮಲಗಿದ್ದಳೋ ಏನೋ, ಬಲಗೆನ್ನೆಯ ಮೇಲೆ ದಿಂಬಿನ ಮಡಿಕೆಯ ಗುರುತಿತ್ತು. ಆ ಗುರುತು ಯಾವಾಗಲೂ ಬಲಗೆನ್ನೆಗೇ. ಅವಳು ನನ್ನ ಕಡೆ ಬೆನ್ನು ಮಾಡಿ ಮಲಗುವುದು. ನನ್ನ ಗೊರಕೆಗೆ.

"ಅಯ್ಯಯ್ಯೋ!" ಎಂದಳು. "ಏನ್ರೀ ಇದು, ಎಷ್ಟು ಚೆನ್ನಾಗಿ ಕಾಣ್ತಿದ್ದೀರ! ಹೊಸ ಕಂಪ್ಯೂಟರಾ?"

"ಹಳೇದೇ. ನಾನೇ ಸರಿಮಾಡಿದೆ. ಏನಿಲ್ಲ, ಸ್ವಲ್ಪ ತಲೆ ಓಡಿಸಿದರೆ ಆಯ್ತು."

"ಅಕ್ಕಾ, ನೋಡೇ ಇಲ್ಲಿ, ಇವರ ಮುಖ ಎಷ್ಟು ಸ್ಪಷ್ಟ!" ಅತ್ತಿಗೆ ಹಾಸಿಗೆಯಿಂದಲೇ ಕತ್ತು ಚಾಚಿ ನೋಡಿದರು. ಪರದೆಯ ಮೂಲೆಯಲ್ಲಿ ಅವರ ಪ್ಲಾಸ್ಟರ್ ಕಾಲು ಬೆಳ್ಳಗೆ ಹೊಳೆಯಿತು. ಷಡ್ಡಕರು ಹಿಂದಿನಿಂದ ಇಣುಕಿ, "ಬಹಳ ಚೆನ್ನಾಗಿದೆ!" ಎಂದರು.

ಇನ್ನು ತಡೆಯಲಾಗಲಿಲ್ಲ. ಆದಷ್ಟು ಉದಾಸೀನವಾಗಿ, "ಮತ್ತೆ… ನಿನ್ನೆ, ಭಾನುವಾರ ಅಂತ ಏನೋ ಅಂದ ಹಾಗಿತ್ತು" ಎಂದೆ.

"ಓ, ಅದಾ?" ಎಂದು ಅವಳು ಹಗುರವಾಗಿ ನಕ್ಕಳು. "ಭಾನುವಾರ ನಾನು ಬಂದುಬಿಡ್ತೀನಿ ಅಂದೆ. ನಿಮ್ಮ ಮುಖಾನೇ ಕಾಣ್ತಿರ್ಲಿಲ್ಲವಲ್ಲ. ಸೊರಗಿದ್ದೀನಿ ಅಂತ ಬೇರೆ ಏನೋ ಅಂದ್ರಿ. ಊಟ ಬಿಟ್ಟಿದ್ದೀರೇನೋ, ಜ್ವರಾನೋ, ನನಗೆ ನಿದ್ದೇನೇ ಇರ್ಲಿಲ್ಲ. ಈಗ ನೋಡಿದ್ರೆ ಏನೂ ಇಲ್ಲ. ಗುಂಡಗಿದ್ದೀರ, ಶೇವ್ ಮಾಡಿದ್ದೀರ, ಮನೆ ಕೂಡ ನಾನಿದ್ದಾಗಿನಕ್ಕಿಂತ ಚೊಕ್ಕಟವಾಗಿದೆ. ಇನ್ನು ಯಾಕೆ ಅವಸರ? ಅಕ್ಕ ಓಡಾಡೋವರೆಗೂ ಇದ್ದೇ ಬರ್ತೀನಿ. ದಿನಾ ಹೀಗೆ ಎದುರಿಗೇ ಕೂತ ಹಾಗೆ ಮಾತಾಡಬಹುದಲ್ಲ. ಅಲ್ವಾ?"

"ಅಲ್ವಾ ಮತ್ತೆ," ಎಂದೆ. ಒಂದು ಅಕ್ಷರವೂ ತಡವಾಗದೆ ಆ ಕಡೆಗೆ ತಲುಪಿತು.

ಅಲ್ಲಿಗೆ ತಿಳಿಯಿತು. ಇಷ್ಟು ದಿನ ನಮ್ಮ ಮನೆಯಲ್ಲಿ 'ನೀನಿಲ್ಲದೆ ಆಗಲ್ಲ, ಬಾ' ಎಂದು ನಿಯತ್ತಿನಿಂದ ಹೇಳುತ್ತಿದ್ದುದು ಆ ಹಾಳು ಕಂಪ್ಯೂಟರು ಒಂದೇ. ಅದರ ಬಾಯಿಯನ್ನೂ ನಾನು ಬ್ರಷ್ಷು ಹಾಕಿ ಉಜ್ಜಿ ಮುಚ್ಚಿಸಿಬಿಟ್ಟಿದ್ದೆ.

ಶುಕ್ರವಾರ ಕಚೇರಿಗೆ ಹೋದ ಕೂಡಲೇ ಪರಿಹಾರ ಓಡಿಬಂದ.

"ಹೇಗಿದೆ ಸಾರ್?"

"ಕುದುರೆ. ಅದನ್ನ ಮತ್ತೆ ಕತ್ತೆ ಮಾಡೋದು ಹೇಗೆ?"

ಅವನು ನನ್ನನ್ನು ದಿಟ್ಟಿಸಿ ನೋಡಿದ. ಕುರ್ಚಿಯಲ್ಲಿ ಕೂತ. ನೀರು ಕುಡಿದ. ನನ್ನ ಜಾತಕದ ಬಲವೇ ಇರಬೇಕು, ಅವನ ಸೇವಾವಧಿಯಲ್ಲೇ ಮೊದಲ ಬಾರಿಗೆ, "ಸಾರ್, ಇದಕ್ಕೆ ಪರಿಹಾರ ಇಲ್ಲ" ಎಂದ.

ಸ್ವಾವಲಂಬಿಯಾದೆ. ಸಾಯಂಕಾಲ ಮನೆಗೆ ಬಂದವನೇ ಓಡಿಸಿದ್ದ ಇಬ್ಬರು ವಾರಗಿತ್ತಿಯರನ್ನೂ ಕ್ಷಮೆ ಕೇಳಿ ಕರೆತಂದೆ. ಸತ್ತ ಪ್ರಿಂಟರಿನ ಪ್ರೋಗ್ರಾಮಿಗೆ ಪುನರ್ಜನ್ಮ ಕೊಟ್ಟೆ. ಟೈಪಿಂಗ್ ಪಾಠ ತುಂಬಿಸಿದೆ. ಪೆಟ್ಟಿಗೆಗೆ ಹೂವಿನ ಅಂಗಿ ತೊಡಿಸಿ, ಮೇಲೆ ನನ್ನದೊಂದು ಶಾಲನ್ನೂ ಹೊದಿಸಿದೆ. ಗುಂಡಿ ಒತ್ತಿದೆ. ಟಿಣ್! ಕೃತಘ್ನ ಯಂತ್ರ ಕುಣಿಯುತ್ತಾ ಎದ್ದು ನಿಂತಿತು. ಜೀವಮಾನದಲ್ಲಿ ನಾನು ನೆಟ್ಟಗೆ ಮಾಡಿದ ಕೆಲಸ ಅದೊಂದೇ ಎಂದು ಕಾಣುತ್ತದೆ. ಕೆಡಿಸಲು ಹೋದರೂ ಕೆಡಲಿಲ್ಲ.

ಶನಿವಾರ ಸಾಯಂಕಾಲ ಒಲೆಯ ಮೇಲೆ ಹಾಲಿಟ್ಟು ಬಂದು, ಕಂಪ್ಯೂಟರಿನ ಮುಂದೆ ಕೂತಾಗ ನನಗೊಂದು ದಿವ್ಯ ಯೋಚನೆ ಹೊಳೆಯಿತು. ಯಂತ್ರ ನಿಲ್ಲದಿದ್ದರೇನಂತೆ? ನಾನು ನಿಲ್ಲಬಹುದಲ್ಲ!

ಕರೆ ಸೇರಿತು. ಅವಳು ಬಟಾಣಿ ಸುಲಿಯುತ್ತಾ ಕೂತಿದ್ದಳು. ಅತ್ತಿಗೆ, ಷಡ್ಡಕರು ಪಕ್ಕದಲ್ಲಿ. ನಾನು ಗಂಟಲು ಸರಿಮಾಡಿಕೊಂಡು, "ಈ ಭಾನುವಾರ ನೀನು…" ಎಂದವನೇ ಬಾಯಿ ತೆರೆದ ಹಾಗೇ, ಕಣ್ಣು ಬಿಟ್ಟ ಹಾಗೇ, ಒಂದು ಕೈ ಗಾಳಿಯಲ್ಲಿ ಎತ್ತಿದ ಹಾಗೇ ಕಲ್ಲಾಗಿಬಿಟ್ಟೆ.

ನಿಜ ಹೇಳಬೇಕೆಂದರೆ ಅದು ಪೂರ್ತಿ ನಾಟಕವಲ್ಲ. ಅಲ್ಲಿಂದ ಮುಂದೆ ಆಡಬೇಕಾದ ಮಾತು ಬಾಯಿಂದ ಹೊರಡುವ ಹಾಗೂ ಇರಲಿಲ್ಲ.

"ಅಯ್ಯೋ, ನಿಮ್ಮನೆಯವರು ಮತ್ತೆ ನಿಂತುಹೋದ್ರಲ್ಲೇ," ಎಂದರು ಅತ್ತಿಗೆ. "ರಿಪೇರಿ ಮಾಡಿದೆ ಅಂತ ಜಂಬ ಕೊಚ್ಚಿದ್ದೇ ಬಂತು."

ಷಡ್ಡಕರು ಹತ್ತಿರ ಬಂದು ನನ್ನ ಬಾಯೊಳಗೆ ಇಣುಕಿದರು. "ಹಲ್ಲು ಬಹಳ ಚೆನ್ನಾಗಿದೆ," ಎಂದರು.

"ಎರಡು ಕಟ್ಟಿಸಿದ್ದು," ಎಂದಳು ನನ್ನ ಹೆಂಡತಿ.

"ಮೀಸೆಗೆ ಏನು ಬಳಿದಿದ್ದಾರೆ ನೋಡೇ! ಬೂಟ್ ಪಾಲಿಷ್ ಇದ್ದ ಹಾಗಿದೆ." ಇದು ಅತ್ತಿಗೆ. "ಮೊದಲಿಂದ್ಲೂ ಇವರಿಗೆ ಬಿಗುಮಾನ ಜಾಸ್ತಿ. ನಾನು ಆಗ್ಲೇ ಹೇಳಿದ್ದೆ."

ಕಲ್ಲಿಗೂ ರೋಷ ಬರುತ್ತದೆ ಎಂಬುದು ಆಗ ನನ್ನ ಅನುಭವಕ್ಕೆ ಬಂತು. ಎತ್ತಿದ ಕೈ ನೋಯತೊಡಗಿತು. ಕಣ್ಣು ಉರಿಯಿತು. ಮೂಗಿನ ಮೇಲೆ ನೊಣ ಕೂತು ಕೈ ಉಜ್ಜಿಕೊಂಡಿತು. ಅಷ್ಟರಲ್ಲಿ ಅತ್ತಿಗೆಗೆ ಒಳಕೋಣೆಗೆ ಹೋಗಿ ಒರಗಬೇಕೆನಿಸಿ, ಷಡ್ಡಕರು ಅವರನ್ನು ಮೆಲ್ಲಗೆ ನಡೆಸಿಕೊಂಡು ಹೋದರು. "ಬಹಳ ಚೆನ್ನಾಗಿ ನಡೀತಿದ್ದೀಯ" ಎನ್ನುವುದು ದೂರ ದೂರವಾಯಿತು.

ಅವಳೊಬ್ಬಳೇ ಉಳಿದಳು. ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದಳು. ಅಷ್ಟು ಹೊತ್ತು ಒಂದೇ ಸಮನೆ. ನಾನು ಅವಳನ್ನು ನೋಡುತ್ತಿದ್ದ ಹಾಗೆ.

"ಹೇಗೂ ಕೇಳಿಸಲ್ಲವಲ್ಲ, ಹೇಳ್ಬಹುದು," ಎಂದಳು ಮೆಲ್ಲಗೆ. "ಇಲ್ಲಿ ನಿಮ್ಮ ಗೊರಕೆ ಇಲ್ಲ. ನಿದ್ದೆ ಬರಲ್ಲ. ಬೆಳಿಗ್ಗೆ ಟೀ ಮಾಡ್ತೀನಿ. ಭಾವ ಬಹಳ ಚೆನ್ನಾಗಿದೆ ಅಂತಾರೆ. ದಿನಾ ಚೆನ್ನಾಗಿದೆ ಅಂತಾರೆ. ಸಕ್ಕರೆ ಕಮ್ಮಿ ಅಂತ ಗೊಣಗೋರೇ ಇಲ್ಲದಿದ್ರೆ ಟೀ ಮಾಡಿದ ಹಾಗೇ ಅನ್ಸಲ್ಲ."

ನನ್ನ ಕಣ್ಣು ಮಂಜಾಯಿತು. ನಿಂತ ಚಿತ್ರದಲ್ಲಿ ನೀರು ಇಳಿಯುವ ಹಾಗಿಲ್ಲ. ತಡೆದುಕೊಂಡೆ.

"ಬಂದುಬಿಡೋಣ ಅಂತಲೇ ಇದ್ದೆ. ಕಂಪ್ಯೂಟರು ಸರಿಹೋಯ್ತು, ನೀವೂ ಠೀಕಾಗಿ ಕೂತ್ರಿ. ನಾನಾಗೇ ಹೇಗ್ರೀ ಬರ್ಲಿ? ಒಂದಕ್ಷರ ಸಾಕು. ಬಾ ಅಂದ್ರೆ ಬರ್ತೀನಿ. ಆ ಒಂದಕ್ಷರ ಈ ಮನುಷ್ಯನ ಬಾಯಿಂದ…"

ಅಡುಗೆಮನೆಯಲ್ಲಿ ಸುರ್ರೆಂದಿತು. ಸೀದ ವಾಸನೆ ಬಂತು. ನಾನು ಕದಲಲಿಲ್ಲ. ಕದಲಿದರೆ ಎಲ್ಲ ಮುಗಿಯಿತು.

"ರೀ," ಎಂದಳು ಅದೇ ಮೆಲುದನಿಯಲ್ಲಿ, "ಹಾಲು ಉಕ್ತಿರೋದು ನನಗೇ ಇಲ್ಲಿಗೆ ಕೇಳಿಸ್ತಿದೆ. ಎದ್ದು ಹೋಗಿ. ಆಗ್ಲಿಂದ ನಿಮ್ಮ ತಲೆ ಮೇಲೆ ಫ್ಯಾನು ತಿರುಗ್ತಾನೇ ಇದೆ."

ಆ ಕ್ಷಣದಲ್ಲಿ ಭೂಮಿ ಬಿರಿದು ನನ್ನನ್ನು ನುಂಗಿದ್ದರೆ ನಾನು ತಕರಾರು ಮಾಡುತ್ತಿರಲಿಲ್ಲ. ಅದು ಬಿರಿಯಲಿಲ್ಲ. ಓಡಿದೆ. ಒಲೆ ಆರಿಸಿ, ಕೈ ಸುಟ್ಟುಕೊಂಡು, ಅದೇ ಓಟದಲ್ಲಿ ವಾಪಸು ಬಂದೆ. ಇಷ್ಟೆಲ್ಲ ಮಾನ ಹೋದ ಮೇಲೆ ಇನ್ನು ಉಳಿಸಿಕೊಳ್ಳುವುದೇನು? ಕ್ಯಾಮೆರಾದ ಮುಂದೆ ನಿಂತು, ಪೈಜಾಮ ಕಾಣುತ್ತಿದೆ ಎಂಬುದನ್ನೂ ಲೆಕ್ಕಿಸದೆ, ಎದೆತುಂಬ ಉಸಿರು ತೆಗೆದುಕೊಂಡು ಹೇಳಿಯೇಬಿಟ್ಟೆ.

"ಬಾ!"

ಉಂಗುರ ಗಿರಗಿರ.

ನೋಡುತ್ತೇನೆ, ಅವಳು ನಿಂತಿದ್ದಾಳೆ. ನಿಜವಾಗಿಯೂ ನಿಂತಿದ್ದಾಳೆ. ಶನಿವಾರ ಸಾಯಂಕಾಲವಾಗಿತ್ತು. ನಾನೇ ಕ್ಷಮೆ ಕೇಳಿ ಕರೆತಂದಿದ್ದ ಇಬ್ಬರೂ ಸೇರಿ ವಾರಗಿತ್ತಿಯರು ಮೂವರೂ ಸೆರಗು ಕಟ್ಟಿ ಇಡೀ ಮನೆ ಶೋಧಿಸಲು ಇಳಿದಿದ್ದರು! ಶಾಲು ಕಿತ್ತೆಸೆದೆ, ಹೂವಿನ ಅಂಗಿ ಕಿತ್ತೆಸೆದೆ. "ಬಾ! ಕೇಳಿಸ್ತಾ? ಬಾ ಅಂದೆ ಕಣೇ! ಬಾ!" ಎಂದು ಪೆಟ್ಟಿಗೆ ಹಿಡಿದು ಅಲ್ಲಾಡಿಸಿದೆ. (ಬೀದಿಯಲ್ಲಿ ಹೋಗುತ್ತಿದ್ದ ತರಕಾರಿಯವನು ಬಾಗಿಲಿಗೆ ಬಂದು, "ಕರೆದ್ರಾ ಸಾರ್?" ಎಂದ.)

ಮೊಬೈಲು ಬಡಿದುಕೊಂಡಿತು. ಅವಳೇ.

"ರೀ, ಈಗ ಫ್ಯಾನೂ ನಿಂತಿದೆ. ಹಾಗಾದ್ರೆ ನಿಜವಾಗ್ಲೂ ನಿಂತ್ರಿ ಅನ್ನಿ. ಬಾಯಿ ತೆರೆದುಕೊಂಡಿದ್ದೀರ. ಏನೋ ಹೇಳ್ತಿದ್ರಲ್ಲ, ಏನದು?"

ಇಷ್ಟು ಹೊತ್ತು ಊರಿಗೆಲ್ಲ ಕೇಳುವಂತೆ ಕೂಗಿದ ಅಕ್ಷರ ಕಿವಿಗೆ ಫೋನು ಇಟ್ಟ ಕೂಡಲೇ ಎಲ್ಲಿ ಅಡಗಿತೋ.

"ಏನಿಲ್ಲ," ಎಂದೆ. "ಕಂಪ್ಯೂಟರು ಮತ್ತೆ ನಿಧಾನ ಆಗಿದೆ."

ಆ ಕಡೆಯಿಂದ ನಗು ಕೇಳಿಸಿತು. ಕೈ ಬಾಯಿಯ ಹತ್ತಿರ ಹೋಗಿತ್ತೆಂದು ನೋಡದೆಯೇ ಹೇಳಬಲ್ಲೆ.

"ಹಾಗಾದ್ರೆ ಬರ್ಲೇಬೇಕಾಯ್ತಲ್ಲ. ನಾಳೇನೇ ಹೊರಡ್ತೀನಿ. ಹಾಲಿನ ಪಾತ್ರೆ ನೆನೆಸಿಡಿ."

ನಾನು ಒಂದೇ ಕಾಲಲ್ಲಿ ಕುಣಿಯುವಷ್ಟರಲ್ಲಿ ಅವಳು ಮುಂದುವರಿಸಿದಳು: "ಆದ್ರೆ ಅಕ್ಕನ್ನ ಹೇಗೆ ಬಿಟ್ಟು ಬರೋದು? ಇಲ್ಲಿ ಮೂರು ಮಹಡಿ. ನಮ್ಮನೆ ನೆಲಮಹಡಿ ತಾನೇ, ಅವಳಿಗೂ ಅನುಕೂಲ. ಕುರ್ಚಿಯಲ್ಲಿ ಕೂರಿಸಿ ಇಳಿಸ್ತಾರಂತೆ. ಭಾವಾನೂ ಬರ್ತಾರೆ. ದೊಡ್ಡ ಕೋಣೆ ಖಾಲಿ ಮಾಡಿಡಿ. ಆಯ್ತಾ?"

ಹೀಗೆ ಭಾನುವಾರ ನನ್ನ ಹೆಂಡತಿ ಬಂದಳು. ಈಗ ದೊಡ್ಡ ಕೋಣೆಯಲ್ಲಿ ಅತ್ತಿಗೆ ಮತ್ತು ಅವಳು. ಮುಂದಿನ ಕೋಣೆಯಲ್ಲಿ ನಾನು ಮತ್ತು ಷಡ್ಡಕರು. ಅವರು ಗೊರಕೆಯನ್ನೂ ಬಹಳ ಚೆನ್ನಾಗಿ ಹೊಡೆಯುತ್ತಾರೆ. ಒಂದೇ ಸೂರಿನಡಿ ಇದ್ದರೂ ಹೆಂಡತಿಯ ಮುಖ ನನಗೆ ತುಂಡು ತುಂಡಾಗಿಯೇ ಕಾಣುತ್ತದೆ: ಬಾಗಿಲ ಸಂದಿಯಲ್ಲಿ ಅರ್ಧ ಕೆನ್ನೆ, ಅಡುಗೆಮನೆಯ ಕಿಟಕಿಯಲ್ಲಿ ಒಂದು ಭುಜ. ಏನಾದರೂ ಹೇಳೋಣವೆಂದು ಬಾಯಿ ತೆರೆದರೆ ಒಳಗಿನಿಂದ ಅತ್ತಿಗೆಯ ಕೋಲು ಟಕ್ ಟಕ್ ಎನ್ನುತ್ತದೆ, ಅವಳು ಹೋಗುತ್ತಾಳೆ, ನಾನು ಬಾಯಿ ತೆರೆದ ಹಾಗೇ ನಿಲ್ಲುತ್ತೇನೆ. ಈ ಯಂತ್ರಕ್ಕೆ ಯಾವ ಬ್ರಷ್ಷು ಹಾಕಿ ಉಜ್ಜುವುದು, ಪರಿಹಾರನಿಗೂ ಗೊತ್ತಿಲ್ಲ.

ನಿನ್ನೆ ಸಾಯಂಕಾಲ, ನಾವು ಮಾತಾಡುತ್ತಿದ್ದ ಅದೇ ಹೊತ್ತಿಗೆ, ಅಂಗಿ ತೊಟ್ಟು ಕೂತಿದ್ದ ಕಂಪ್ಯೂಟರಿನ ಎದುರು ನಾನು ಸುಮ್ಮನೆ ಕೂತಿದ್ದೆ. ಅವಳು ಟೀ ತಂದಳು. ಕೊಟ್ಟು ಹೋಗಿಬಿಡುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತಳು.

ಒಂದು ಗುಟುಕು ಕುಡಿದೆ.

"ಸಕ್ಕರೆ ಕಮ್ಮಿ," ಎಂದೆ.

"ಗೊತ್ತು," ಎಂದಳು. "ಬೇಕಂತಲೇ ಹಾಕಿಲ್ಲ."

ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಒಳಗಿನಿಂದ ಷಡ್ಡಕರ ದನಿ ಕೇಳಿಸಿತು: "ಟೀ ಬಹಳ ಚೆನ್ನಾಗಿದೆ!"